ಮೊದಲು ಒಸಡು

ಮದ್ದೂರಿನ ಹಲ್ಲಿನ ಡಾಕ್ಟರಮ್ಮ ಹೊಗೆಸೊಪ್ಪು ಒಸಡಿಗೆ ಏನು ಮಾಡುತ್ತದೆಂದು ಸಂಶೋಧನೆ ನಡೆಸುತ್ತಿದ್ದರು. ಹಲ್ಲು ಕೀಳಿಸಲು ಬಂದವರ ಒಸಡನ್ನು ಕಿರುಬೆರಳಿನಿಂದ ಮೆಲ್ಲಗೆ ಒತ್ತಿ, "ಕೀಳೋದು ಇದ್ದೇ ಇದೆ, ಮೊದ್ಲು ಒಸಡು ನೋಡೋಣ" ಎನ್ನುವರು.

ನನ್ನವ್ವ ಅಲ್ಲಾಡುವ ಹಲ್ಲಿನ ಬುಡಕ್ಕೆ ರಕ್ತ ನಿಲ್ಲಲೆಂದೇ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದಳು. ಕೀಳಿಸಲು ಹೋದಾಗ ಡಾಕ್ಟರಮ್ಮ ಹಲ್ಲು ಕ್ಲೀನು ಮಾಡಿ, ಸೊಪ್ಪು ಬಿಡಿಸಿದರು. ಕೆಲವೇ ದಿನಗಳಲ್ಲಿ ಉಜ್ಜುವಾಗ ಮತ್ತೆ ರಕ್ತ ಬಂತು. ಅವ್ವ ಜಗಳಕ್ಕೇ ಹೋದಳು. "ಸೊಪ್ಪು ಬುಟ್ಟಿದ್ಕೇ ಇಂಗಾಗದೆ ಕಣವ್ವ. ಕಿತ್ತಾಕ್ಬುಡು ಅತ್ಲಾಗೆ."

ಡಾಕ್ಟರಮ್ಮನ ಮುಖ ಅರಳಿತು. "ಸೊಪ್ಪು ರಕ್ತ ತಡೆದು ಕಾಯಿಲೇನ ಮುಚ್ಚಿಟ್ಟಿತ್ತು ಅಜ್ಜಿ. ಒಸಡಿಗೆ ಈಗ ಜೀವ ಬರ್ತಾ ಇದೆ. ಉಜ್ಜೋದು ನಿಲ್ಲಿಸ್ಬೇಡಿ."

ಅವ್ವ ನಂಬದೆಯೇ ಉಜ್ಜಿದಳು. ಮೊನ್ನೆ ಜಗಲಿಯಲ್ಲಿ ಹುರಿದ ಕಡಲೆಕಾಯಿಯನ್ನು ಅದೇ ಹಲ್ಲಿನಲ್ಲಿ ಅಗಿಯುತ್ತಾ, ಕೆನ್ನೆ ಹಿಡಿದು ಬಂದ ಪಕ್ಕದ ಮನೆಯವಳತ್ತ ಕಿರುಬೆರಳು ಚಾಚಿದಳು. "ಕೀಳೋದು ಇದ್ದೇ ಅದೆ ಕಣಮ್ಮಿ. ಮೊದ್ಲು ಒಸಡು ತೋರ್ಸು."