ಕಂದು ಪೌಡರಿನ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಅದೃಷ್ಟ ಖುಲಾಯಿಸಿತು ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದೃಷ್ಟ ಅಂತೆ, ಅದೃಷ್ಟ! ಇವತ್ತು ಯಾವ ಅಂಗಡಿಗೆ ಹೋದರೂ ಗೋಧಿಬಣ್ಣದಿಂದ ಹಿಡಿದು ಕಡುಗಪ್ಪಿನವರೆಗೆ ಎಲ್ಲರ ಮೈಬಣ್ಣಕ್ಕೂ ಹೊಂದುವ ಪೌಡರ್ ಸಿಗುತ್ತದಲ್ಲ, ನಮ್ಮೂರಿನಲ್ಲಿ ಅದನ್ನು ಮೊದಲು ಮಾಡಿದವಳು ನನ್ನ ಚಿಕ್ಕಮ್ಮ. ಅವಳು ಈಗಿಲ್ಲ, ಅವಳ ಕಾರ್ಖಾನೆ ಇದೆ. ಆದರೆ ಶುರುವಾದದ್ದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಜರಡಿ ಹಿಡಿದವಳು ನಾನು. ಹಾಗಾಗಿ ಹೇಳುವ ಹಕ್ಕು ನನಗಿದೆ.

ಮದುವೆಯಾಗಿ ಬಂದ ಹೊಸತರಲ್ಲಿ ಚಿಕ್ಕಮ್ಮ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಪೌಡರು, ಸ್ನೋ, ಲಿಪ್‌ಸ್ಟಿಕ್ ಮಾರುವ ಕೆಲಸಕ್ಕೆ ಸೇರಿದ್ದಳು. ಅರಳು ಹುರಿದಂತೆ ಮಾತಾಡುವವಳು. ಆದರೂ ಮಾಲೀಕರು ಅವಳನ್ನು ಒಂದು ದಿನವೂ ಕೌಂಟರಿನಲ್ಲಿ ನಿಲ್ಲಿಸಲಿಲ್ಲ. ಹಿಂದಿನ ಗೋದಾಮಿನಲ್ಲಿ ಡಬ್ಬ ಒರೆಸಲು ಹಾಕಿದರು. "ನೀನು ಒಳ್ಳೇ ಹುಡುಗೀನೇ ಕಣಮ್ಮಾ. ಆದ್ರೆ ಮುಂದೆ ಸ್ವಲ್ಪ ಬೆಳ್ಳಗಿರೋರು ನಿಂತ್ರೆ ವ್ಯಾಪಾರ ಆಗತ್ತೆ" ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. ಚಿಕ್ಕಮ್ಮ ಮನೆಗೆ ಬಂದವಳೇ ಚಪ್ಪಲಿಯನ್ನು ಮೂಲೆಗೆ ಎಸೆದು, "ನೋಡ್ತಿರಿ, ಅದೇ ಅಂಗಡಿಲಿ, ಮುಂದುಗಡೆ, ಇದೇ ಮುಖ ಇಟ್ಕೊಂಡು ನಿಲ್ತೀನಿ" ಎಂದಳು. ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ.

ಆಗ ಸಿಗುತ್ತಿದ್ದುದು ಒಂದೇ ಬಣ್ಣದ ಪೌಡರ್, ತಿಳಿಗುಲಾಬಿ. ನಮ್ಮಂಥವರು ಹಚ್ಚಿಕೊಂಡರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದೆವು. ಚಿಕ್ಕಮ್ಮ ಅದಕ್ಕೆ ಮೈಗೆ ಹಚ್ಚಬಹುದಾದ ಕಂದು, ಹಳದಿ, ಕೆಂಪು ಪುಡಿಗಳನ್ನು ತರಿಸಿ ಬೆರೆಸತೊಡಗಿದಳು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಚಿಕ್ಕಪ್ಪ, "ಬಣ್ಣಾನ ಬಿಸಿಲಲ್ಲಿ ನೋಡ್ಬೇಕು ಕಣೇ, ದೀಪ ನಂಬಬೇಡ" ಎಂದ. ಅದೇ ನಮ್ಮ ಮನೆಯ ಕಾನೂನಾಯಿತು. ಬೆರೆಸಿದ್ದನ್ನು ಯಾರ ಕೆನ್ನೆಗಾದರೂ ಹಚ್ಚುವುದು, ಹೊಸ್ತಿಲಾಚೆ ಬಿಸಿಲಿಗೆ ನಿಲ್ಲಿಸುವುದು. ಹಾಲಿನವಳು, ಪೋಸ್ಟಿನವನು, ಯಾರನ್ನೂ ಬಿಡಲಿಲ್ಲ. ಹಾಸಿಗೆ ಕಂದು, ಪಾತ್ರೆ ಕಂದು, ಬೆಕ್ಕೂ ಕಂದು. "ಇಲ್ಲಿ ಸಂಸಾರ ಮಾಡ್ತಿದೀರೋ, ಇಟ್ಟಿಗೆ ಸುಡ್ತಿದೀರೋ?" ಎಂದು ಅಜ್ಜಿ ಬಟ್ಟೆ ಕೊಡವುತ್ತಿದ್ದಳು. ಸೊಸೆ ತನ್ನ ಪೌಡರನ್ನು ಹೊಗಳಿಕೊಂಡರೆ "ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ಮೂಗು ಮುರಿದು, ಆಮೇಲೆ ಮೆಲ್ಲಗೆ ತಾನೇ ಕೆನ್ನೆ ಮುಂದೊಡ್ಡುತ್ತಿದ್ದಳು.

ಅಂತೂ ಇಂತೂ ನಾಲ್ಕು ಬಣ್ಣ ಹದಕ್ಕೆ ಬಂದವು. ಸುದ್ದಿ ಬಾಯಿಂದ ಬಾಯಿಗೆ ಹರಡಿ ಅದೇ ಮಾಲೀಕರ ಕಿವಿಗೂ ಬಿತ್ತು. ಅವರು ಹೇಳಿ ಕಳಿಸಿದರು: ಒಂದು ದಿನ ಅಂಗಡಿಯಲ್ಲಿ ಮೇಜು ಕೊಡುತ್ತೇವೆ. ಜನ ಕೊಂಡರೆ ಮುಂದಿನ ಮಾತು, ಇಲ್ಲದಿದ್ದರೆ ಮತ್ತೆ ಕೇಳಬೇಡಿ.

ಆ ದಿನ ಬೆಳಿಗ್ಗೆಯೇ ಡಬ್ಬಗಳನ್ನು ಹೊತ್ತುಕೊಂಡು ಹೋದೆವು. ಮೇಜು ಸಿಕ್ಕಿದ್ದು ಅಂಗಡಿಯ ತೀರಾ ಒಳಗೆ, ಹಳದಿ ದೀಪಗಳ ಕೆಳಗೆ. ಮೊದಲ ಗಿರಾಕಿಯ ಕೆನ್ನೆಗೆ ಹಚ್ಚಿದೆವು. ಅಯ್ಯೋ, ಕೆಸರು ಮೆತ್ತಿದ ಹಾಗೆ ಕಂಡಿತು! ಎರಡನೆಯವಳು ಕನ್ನಡಿ ನೋಡಿ ಒರೆಸಿಕೊಂಡು ನಡೆದಳು. ಬಿಸಿಲನ್ನೇ ನಂಬಿದ್ದ ನಾವು ಇಷ್ಟು ದಿನ ಒಮ್ಮೆಯಾದರೂ ದೀಪದ ಕೆಳಗೆ ನೋಡಿರಲಿಲ್ಲ. ಎಂಥ ದಡ್ಡರು! ಮಧ್ಯಾಹ್ನವಾದರೂ ಒಂದು ಡಬ್ಬ ಕದಲಲಿಲ್ಲ. ಮಾಲೀಕರು ಬಂದು, "ಸಾಕು, ಕಟ್ಟಿಬಿಡಮ್ಮಾ, ಪಾಪ" ಎಂದರು. ಆ 'ಪಾಪ' ಕೇಳಿ ಚಿಕ್ಕಮ್ಮನ ಮುಖ ಬಿಗಿದುಕೊಂಡಿತು.

"ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು! ಹಿಡಿಯೇ ಆ ಕಡೆ" ಎಂದು ಮೇಜಿನ ಒಂದು ತುದಿ ಎತ್ತಿದಳು. ನಾನು ಇನ್ನೊಂದು ತುದಿ ಹಿಡಿದೆ. ಮಾಲೀಕರು "ಏ, ಏ, ಏನಿದು?" ಅನ್ನುತ್ತಿದ್ದಂತೆಯೇ ಅಂಗಡಿಯ ನಡುವೆ ಹಾದು, ಬಾಗಿಲು ದಾಟಿ, ಹೊರಗಿನ ಬಿಸಿಲಲ್ಲಿ ಇಟ್ಟೆವು. ಹತ್ತಿರದ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಹೋಗುತ್ತಿದ್ದ ನರ್ಸ್ ಒಬ್ಬಳನ್ನು ಚಿಕ್ಕಮ್ಮ ಕೈಹಿಡಿದೇ ನಿಲ್ಲಿಸಿದಳು.

"ನಂಗೆ ಪೌಡರ್ ಬೇಡಕ್ಕ, ದೆವ್ವದ ಹಾಗೆ ಕಾಣ್ತೀನಿ."

"ದೆವ್ವ ಓಡಿಸೋಕೇ ಕೂತಿದೀನಿ, ಬಾರಮ್ಮ."

ಹಚ್ಚಿ ಕನ್ನಡಿ ಕೊಟ್ಟಳು. ನರ್ಸ್ ಕನ್ನಡಿಯನ್ನು ಹತ್ತಿರ ತಂದಳು, ದೂರ ಹಿಡಿದಳು. "ಎಲ್ಲಕ್ಕಾ ಪೌಡರು? ಕಾಣೋದೇ ಇಲ್ವಲ್ಲ. ನಾನೇ ಕಾಣ್ತಿದೀನಿ!" ಎಂದವಳೇ ಆಸ್ಪತ್ರೆಗೆ ವಾಪಸ್ ಓಡಿ ಗೆಳತಿಯರನ್ನು ಎಳೆದುಕೊಂಡು ಬಂದಳು. ಆಮೇಲೆ ಕೇಳಬೇಕೆ? ಟೀಚರು, ಟೈಲರು, ಬಸ್ ಕಂಡಕ್ಟರು, ಬಾಗಿಲ ತುಂಬ ಹೆಂಗಸರು! ನಾನು ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆ. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿಲ್ಲ, ನಮ್ಮ ಯಜಮಾನರು ಓದಿದರೆ ಓದಲಿ. ಸಂಜೆಗೆ ಡಬ್ಬಗಳೆಲ್ಲ ಖಾಲಿ!

ಮಾಲೀಕರು ಕೈ ಉಜ್ಜಿಕೊಳ್ಳುತ್ತ ಬಂದರು. "ಬಾಗಿಲ ಪಕ್ಕದ ಜಾಗ ನಿಂದೇ ಕಣಮ್ಮಾ. ನಾಳೆಯಿಂದ್ಲೇ ಶುರುಮಾಡು. ಕೌಂಟರಿಗೆ ಒಬ್ಳು ಲಕ್ಷಣವಾದ ಹುಡುಗೀನ ನಾನೇ ಹುಡುಕ್ತೀನಿ."

ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ತನ್ನ ಮುಖದ ಪೌಡರನ್ನೆಲ್ಲ ಒರೆಸಿ ತೆಗೆದಳು. "ಹುಡುಗಿ ಸಿಕ್ಕಾಯ್ತು ಸಾರ್" ಎಂದು ತಾನೇ ಮೇಜಿನ ಹಿಂದೆ ಹೋಗಿ ನಿಂತಳು.

ಅವರು ಅವಳನ್ನು ನೋಡಿದರು. ಡಬ್ಬ ಸಿಗದೆ ಇನ್ನೂ ಕಾಯುತ್ತಿದ್ದ ಹೆಂಗಸರನ್ನು ನೋಡಿದರು. ಒಳಗೆ ಹೋಗಿ ತಮ್ಮದೇ ಕುರ್ಚಿಯನ್ನು ತಂದು ಅವಳ ಪಕ್ಕ ಇಟ್ಟು, "ಕೂತ್ಕೋಮ್ಮಾ, ಬೆಳಿಗ್ಗೆಯಿಂದ ದಣಿದಿದೀಯ" ಎಂದರು.

"ಬೇಡ ಸಾರ್" ಎಂದಳು ಚಿಕ್ಕಮ್ಮ. "ನಾನು ನಿಂತ್ಕೊಳ್ಳೋಕೇ ಬಂದಿದ್ದು."