ತೀರ್ಥಹಳ್ಳಿ ಬಸ್ಸಿಗೆ ಕೊಟ್ಟ ಮಿಕ್ಸ್ಚರ್

ಸಾಗರದ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಮಾತ್ರ ದಿನವಿಡೀ ರಜೆ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನದೂ ಅದೇ ಪಾಡು. ಅವಳು ರವಿಕೆ ಹೊಲಿಯುತ್ತಾಳೆ. ಹಾಗಾಗಿ ಮೂರು ವರ್ಷದಿಂದ ನಾನು ಹದಿನೈದು ದಿನಕ್ಕೊಮ್ಮೆ ಅವಳ ಕಿವಿಗೊಂದು ಪೊಟ್ಟಣ ಕಟ್ಟಿ ಕಳಿಸುತ್ತೇನೆ. ಅದಕ್ಕೆ ನಾವಿಟ್ಟ ಹೆಸರು ಮಿಕ್ಸ್ಚರ್.

ಮಿಕ್ಸ್ಚರಿನ ಲೆಕ್ಕ ಸುಲಭ. ಒಂದು ಹಾಡು, ಒಂದು ಭಾಷಣ, ಮತ್ತೊಂದು ಹಾಡು, ಮತ್ತೊಂದು ಭಾಷಣ. ಸಿನಿಮಾ ಹಾಡಿಗೆ ಪ್ರವೇಶವಿಲ್ಲ. ಅದನ್ನು ಊರೇ ಹಾಕುತ್ತದೆ, ನಾನ್ಯಾಕೆ ಹಾಕಲಿ? ಯಾರೋ ನಾಲ್ಕು ಜನ ಹುಡುಗರು ಬಾಡಿಗೆ ಕೋಣೆಯಲ್ಲಿ ಕೂತು ತಾವೇ ಬರೆದು, ತಾವೇ ಬಾರಿಸಿ, ತಾವೇ ಇಂಟರ್ನೆಟ್ಟಿಗೆ ಹಾಕಿದ ಹಾಡುಗಳನ್ನು ಹುಡುಕುತ್ತೇನೆ. ಭಾಷಣಗಳೂ ಅಷ್ಟೇ, ತಲೆಯೊಳಗೆ ಹುಳ ಬಿಡುವಂಥವು ಬೇಕು. ಊರಿನ ಸಭಾಂಗಣದಲ್ಲಿ ಯಾರಾದರೂ ಒಳ್ಳೆಯ ಮಾತುಗಾರರು ಬಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಅದನ್ನೂ ಸೇರಿಸುತ್ತೇನೆ. ಹಿಂದುಮುಂದು ಕತ್ತರಿಸುವ ತಾಳ್ಮೆ ನನಗಿಲ್ಲ, ಇದ್ದ ಹಾಗೇ ಹಾಕಿಬಿಡುತ್ತೇನೆ. ಅಕ್ಕನ ಫೋನು ಗಿರಾಕಿಗಳು ಕಳಿಸಿದ ರವಿಕೆ ಚಿತ್ರಗಳಿಂದ ತುಂಬಿ ಉಸಿರುಗಟ್ಟಿರುವುದರಿಂದ ಎಲ್ಲವೂ ಪೆನ್‌ಡ್ರೈವಿನಲ್ಲೇ ಹೋಗಬೇಕು.

ಅಕ್ಕನ ತೀರ್ಪು ಭಾನುವಾರ ಫೋನಿನಲ್ಲಿ ಬರುತ್ತದೆ. ಅವಳ ನಾಲಿಗೆಗೂ ಅವಳ ಕತ್ತರಿಗೂ ವ್ಯತ್ಯಾಸವಿಲ್ಲ. "ಮೂರನೇದು ಹಾಡಲ್ಲ ಕಣೆ, ಹಲ್ಲುನೋವು" ಎನ್ನುತ್ತಾಳೆ. "ಆ ಭಾಷಣದವ್ರು ನೀರು ಕುಡಿದಾಗ ಮಾತ್ರ ಹಿತವಾಗಿತ್ತು" ಎನ್ನುತ್ತಾಳೆ. ಆದರೆ ಚೆನ್ನಾಗಿದೆ ಎಂದರೆ ಚೆನ್ನಾಗಿದೆ ಎಂದೇ ಅರ್ಥ. ಅವಳ ಹೊಗಳಿಕೆಯಲ್ಲಿ ಕಲಬೆರಕೆ ಇರುವುದಿಲ್ಲ.

ಕಳೆದ ವರ್ಷ ನಾನೊಂದು ಕಳ್ಳ ಕೆಲಸ ಮಾಡಿದೆ. ನನ್ನದೇ ಒಂದು ಹಾಡನ್ನು ಮಿಕ್ಸ್ಚರಿನೊಳಗೆ ತೂರಿಸಿದೆ.

ಇದಕ್ಕೆ ಹಿಂದಿನ ಕತೆ ಹೇಳಲೇಬೇಕು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರಾರ್ಥನೆಗೆ ನನ್ನನ್ನು ಆರಿಸಿದ್ದರು. ಮನೆಯ ಹಿತ್ತಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಕ್ಕ ಬಂದು, "ನಿನ್ನ ಹಾಡು ಕೇಳಿದ್ರೆ ನಮ್ಮ ಕೋಳಿ ಮೊಟ್ಟೆ ಇಡೋದು ಬಿಡ್ತಾವೆ" ಎಂದಳು. ಮರುದಿನ ಹೊಟ್ಟೆನೋವೆಂದು ಮಲಗಿದೆ. ಆಮೇಲೆ ಯಾರ ಎದುರಿಗೂ ಬಾಯಿ ಬಿಟ್ಟು ಹಾಡಲಿಲ್ಲ. ನನ್ನ ಮದುವೆಯಲ್ಲಿ ಗಂಡನ ಹೆಸರು ಹೇಳಿ ಹಾಡು ಎಂದಾಗ ಒಗಟು ಹೇಳಿ ಪಾರಾದೆ.

ಆದರೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಜೆರಾಕ್ಸ್ ಮಷಿನ್ನಿನ ಲಯಕ್ಕೆ ಒಂದು ಹಾಡು ತಾನಾಗಿ ಹುಟ್ಟಿಬಿಟ್ಟಿತು. ‘ಒಬ್ಬಳೆ ನಾನು ಹೋದೆ ಒಳಗೆ, ಹತ್ತು ಮಂದಿ ಬಂದೆ ಹೊರಗೆ, ಯಾವಳಮ್ಮಾ ಅಸಲಿ?’ ಮಧ್ಯಾಹ್ನ ಶಟರ್ ಅರ್ಧ ಎಳೆದು, ಮಷಿನ್ನನ್ನೇ ತಾಳಕ್ಕಿಟ್ಟುಕೊಂಡು ಫೋನಿಗೆ ಹಾಡಿದೆ. ಅವತ್ತು ಶೀತ ಬೇರೆ. ಆ ಹಾಡನ್ನು ಐದನೆಯದಾಗಿ ಸೇರಿಸಿ, ಜೊತೆಗಿನ ಚೀಟಿಯಲ್ಲಿ ‘ಕುಂದಾಪುರದ ಒಬ್ಬಳು ಹುಡುಗಿ’ ಎಂದು ಬರೆದೆ. ಅಕ್ಕ ಗುರುತು ಹಿಡಿಯದೆ ಚೆನ್ನಾಗಿದೆ ಎಂದರೆ ನಾನು ಗೆದ್ದೆ. ಹಲ್ಲುನೋವು ಎಂದರೆ ಕುಂದಾಪುರದ ಹುಡುಗಿಗಾಯಿತು, ನನಗೇನು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಶುದ್ಧ ಸುಳ್ಳು. ಅವಳು ಚೆನ್ನಾಗಿಲ್ಲ ಎಂದರೆ ನಾನು ಮತ್ತೆಂದೂ ಹಾಡುತ್ತಿರಲಿಲ್ಲ.

ನಮ್ಮ ಕಡೆ ಬಸ್ಸಿಗೆ ಏನು ಬೇಕಾದರೂ ಕೊಡಬಹುದು. ಔಷಧಿ, ಮದುವೆ ಕಾಗದ, ಮರೆತುಹೋದ ಕನ್ನಡಕ, ಹಲಸಿನ ಹಪ್ಪಳ. ಕಂಡಕ್ಟರ್ ಕೈಗಿಟ್ಟು ಊರು ಹೇಳಿದರೆ ಸಾಕು, ಆ ಊರಿನ ನಿಲ್ದಾಣದಲ್ಲಿ ಯಾರಾದರೂ ನಿಂತು ತೆಗೆದುಕೊಳ್ಳುತ್ತಾರೆ. ನಮ್ಮ ಪೆನ್‌ಡ್ರೈವು ಹೋಗುವುದೂ ಹಾಗೆಯೇ, ಅಕ್ಕನ ಬಾಬಿನ್ ಡಬ್ಬಿಯೊಳಗೆ ಕೂತು. ಅವತ್ತು ನಾನೂ ಅದೇ ಬಸ್ಸಿನಲ್ಲಿ ಹೊಸನಗರದವರೆಗೆ ಹೋಗಬೇಕಿತ್ತು. ಅಲ್ಲಿ ಒಂದು ಮನೆಗೆ ಮದುವೆ ಕಾಗದದ ಕರಡು ತೋರಿಸುವುದಿತ್ತು. ಗಡಿಬಿಡಿಯಲ್ಲಿ ಡಬ್ಬಿ ಅಂಗಡಿಯಲ್ಲೇ ಉಳಿಯಿತು. ಕಂಡಕ್ಟರನೂ ಹೊಸಬ. ಹತ್ತುವಾಗ ಬರೀ ಪೆನ್‌ಡ್ರೈವನ್ನು ಅವನ ಕೈಗಿಟ್ಟು, "ತೀರ್ಥಹಳ್ಳಿಗೆ" ಎಂದೆ. ಹಿಂದಿನಿಂದ ಜನ ನೂಕಿದರು, ನಾನು ಹೋಗಿ ಕೊನೆಯ ಸೀಟಿಗೆ ಬಿದ್ದೆ.

ಇನ್ನೊಂದು ಪದ್ಧತಿಯಿದೆ, ಅದು ನನಗೆ ಮರೆತೇಹೋಗಿತ್ತು. ದಿನಾ ಓಡಾಡುವವರು ಡ್ರೈವರಿಗೆ ಹೊಸ ಹಾಡು ತುಂಬಿದ ಪೆನ್‌ಡ್ರೈವ್ ತಂದುಕೊಡುತ್ತಾರೆ. ಬಸ್ಸಿನ ಪೆನ್‌ಡ್ರೈವ್ ಕೆಟ್ಟು ಎರಡು ದಿನವಾಗಿತ್ತಂತೆ. ಬಸ್ಸು ಊರು ದಾಟುವಷ್ಟರಲ್ಲಿ ಧಾರವಾಡ ಕಡೆಯ ಹುಡುಗನೊಬ್ಬ ತನ್ನ ಅಪ್ಪನ ಸೈಕಲ್ಲಿನ ಬಗ್ಗೆ ಬಡಬಡ ಹಾಡತೊಡಗಿದ. ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡೆ. ಮರುಕ್ಷಣ ಹೊಳೆಯಿತು, ಅದು ನಾನೇ ಕಟ್ಟಿದ ಮಿಕ್ಸ್ಚರಿನ ಮೊದಲನೇ ಹಾಡು.

"ಕಂಡಕ್ಟ್ರೇ, ಆ ಪೆನ್‌ಡ್ರೈವು..." ಎಂದು ಕೂಗಿದೆ.

"ಚೆನ್ನಾಗಿದೆ ಮೇಡಂ, ಇರ್ಲಿ!" ಎಂದು ಅವನು ಮುಂದಿನಿಂದ ಕೂಗಿದ.

ನಡುವೆ ಸೂಜಿ ತೂರಿಸಲೂ ಜಾಗವಿರಲಿಲ್ಲ.

ಎರಡನೆಯದು ಬೇಜಾರಿನ ಬಗ್ಗೆ ಒಬ್ಬಾಕೆಯ ಭಾಷಣ. ಕೊಡೆ ಹಿಡಿದ ಒಬ್ಬ ಅಜ್ಜ ತಲೆಯೆತ್ತಿ, "ಎಂತ ಭಾಷಣ ಮಾರಾಯ? ಎಲೆಕ್ಷನ್ ಬಂತಾ?" ಎಂದ.

"ಇಲ್ಲ ಅಜ್ಜ, ಬೇಜಾರಿನ ವಿಷ್ಯ ಹೇಳ್ತಿದಾರೆ" ಎಂದ ಕಂಡಕ್ಟರ್.

"ಅದ್ನ ಕೇಳಿ ನಾವು ಬೇಜಾರು ಮಾಡ್ಕೋಬೇಕಾ?"

ಬಟ್ಟೆಮಲ್ಲಪ್ಪದ ಸ್ಟಾಪು ಬರುವ ಹೊತ್ತಿಗೆ ಅದೇ ಅಜ್ಜ ಹಿಂದಿನವರಿಗೆ, "ಸುಮ್ನಿರ್ರಾ, ಆ ಪುಣ್ಯಾತ್ಗಿತ್ತಿ ಎಂತ ಹೇಳ್ತಾಳೆ ಕೇಳುವ" ಎಂದು ಗದರಿಸುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಮೂರನೆಯದು ಮಂಗಳೂರಿನ ಹುಡುಗಿಯರ ತುಳು ಹಾಡು. ಮಾತು ಯಾರಿಗೂ ತಿಳಿಯದಿದ್ದರೂ ಕಂಡಕ್ಟರ್ ಟಿಕೆಟ್ ಮಷಿನ್ನಿನ ಮೇಲೆ ತಾಳ ಹಾಕಿದ. ನಾಲ್ಕನೆಯದು ನೆನಪಿನ ಬಗ್ಗೆ. ಪ್ರತಿ ಸಲ ನೆನೆಯುವಾಗಲೂ ನಾವು ನೆನಪಿಗೆ ಹೊಸದಾಗಿ ಬಣ್ಣ ಬಳಿಯುತ್ತೇವೆ, ಅಡಿಯಲ್ಲಿ ಏನಿತ್ತೆಂದು ಕೊನೆಗೆ ನಮಗೇ ಗೊತ್ತಿರುವುದಿಲ್ಲ ಎಂದು ಮಾತುಗಾರರು ಹೇಳುತ್ತಿದ್ದರು. ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ತೊಡೆ ತಟ್ಟಿಕೊಂಡಳು. "ನಮ್ಮನೆಯವ್ರು ಇದೇ ನೋಡಿ. ಮದ್ವೇಲಿ ಜಿಲೇಬಿ ಹಾಕಿದ್ವಿ ಅಂತ ಊರೆಲ್ಲ ಹೇಳ್ತಾರೆ. ಹಾಕಿದ್ದು ಬರೀ ಬೂಂದಿ."

ಹೊಸನಗರ ಬಂತು. ನಾನು ಇಳಿಯಬೇಕು. ಇಳಿದರೆ ಬಚಾವು. ಆದರೆ ಇನ್ನೆರಡು ನಿಮಿಷದಲ್ಲಿ ಐದನೆಯ ಹಾಡು ಬರುತ್ತದೆ, ಈ ಬಸ್ಸು ಅದನ್ನು ಕೇಳುತ್ತದೆ, ನಾನಿರುವುದಿಲ್ಲ. ಎದ್ದವಳು ಕೂತೆ. ಮದುವೆ ಕಾಗದ ಇನ್ನೊಂದು ಗಂಟೆ ಕಾದರೆ ಮದುಮಗಳು ಓಡಿಹೋಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇಳಿಯುವವರು ಇಳಿದು ದಾರಿ ತೆರವಾಗಿತ್ತು. ಎದ್ದುಹೋಗಿ ಪೆನ್‌ಡ್ರೈವ್ ಕಿತ್ತುಕೊಳ್ಳಬಹುದಿತ್ತು. ಕೂತೇ ಇದ್ದೆ.

ಜೆರಾಕ್ಸ್ ಮಷಿನ್ನಿನ ಸದ್ದು ಬಂತು. ಡ್ರೈವರ್ ಗಾಬರಿಯಿಂದ ಗೇರ್ ನೋಡಿಕೊಂಡ. ಆಮೇಲೆ ನನ್ನ ದನಿ. ನಾನು ಸೆರಗನ್ನು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದೆ. ನಾನು ಬರೆದ, ನಾನು ಹಾಡಿದ, ಒಬ್ಬ ನರಪಿಳ್ಳೆಯೂ ಕೇಳದ ಹಾಡು ಐವತ್ತು ಜನರ ತಲೆಯ ಮೇಲೆ ಹರಿಯುತ್ತಿತ್ತು. ಹಾಡು ಮುಗಿಯಿತು.

"ಪಾಪ, ಮೂಗು ಕಟ್ಟಿದೆ ಆ ಹುಡುಗಿಗೆ" ಎಂದಳು ಬುಟ್ಟಿಯ ಹೆಂಗಸು.

ಹುಡುಗಿ! ನನಗೆ ತಲೆ ತಿರುಗಿತು. ಮೂಗಿನ ಮಾತು ನನ್ನ ಕಿವಿಗೇ ಬೀಳಲಿಲ್ಲ. ಹೊಸನಗರದಲ್ಲಿ ಹತ್ತಿದ್ದ ಕಾಲೇಜು ಹುಡುಗಿಯರು, "ಅಣ್ಣಾ, ಇನ್ನೊಂದ್ಸಲ" ಎಂದರು. ಇನ್ನೊಂದು ಸಲ ಆಯಿತು. ಉಳಿದ ಭಾಷಣ ಮುಗಿದ ಮೇಲೆ ತೀರ್ಥಹಳ್ಳಿ ಹತ್ತಿರ ಬರುವಾಗ ಮತ್ತೆ ಕೇಳಿದರು. ಈ ಸಲ ‘ಯಾವಳಮ್ಮಾ ಅಸಲಿ’ ಬಂದಾಗ ಆ ಹುಡುಗಿಯರೂ ದನಿ ಸೇರಿಸಿದರು, ಕೊಡೆಯ ಅಜ್ಜನೂ ಸೇರಿಸಿದ, ತಾಳ ತಪ್ಪಿ. ನಾನು ಬಾಯಿ ಮುಚ್ಚಿಕೊಂಡೇ ಒಳಗೊಳಗೆ ಕುಣಿಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ನಿಲ್ದಾಣದಲ್ಲಿ ಕಾಯುತ್ತಿರುತ್ತಾಳೆ ಎಂಬುದು ನೆನಪಾಯಿತು. ಕುಣಿತ ಅಲ್ಲಿಗೇ ನಿಂತಿತು.

ಬಸ್ಸು ಹಾಡುತ್ತಲೇ ನಿಲ್ದಾಣದೊಳಗೆ ನುಗ್ಗಿತು. ಅಕ್ಕ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಇಳಿದು ಎದುರು ನಿಂತೆ. ಕಣ್ಣು ಬಿಟ್ಟವಳು ನೀನ್ಯಾಕೆ ಬಂದೆ ಎಂದು ಕೇಳಲಿಲ್ಲ.

"ಆ ರಾಗಕ್ಕೆ ಈಗ ಮಾತು ಸೇರ್ಸಿದ್ಯಾ?" ಎಂದಳು.

"ಯಾವ ರಾಗ?"

"ಎಂತ ಯಾವ ರಾಗ? ಹೋದ ವರ್ಷ ಸಭಾಂಗಣದ್ದೊಂದು ಭಾಷಣ ಕಳ್ಸಿದ್ದೆ. ಚಪ್ಪಾಳೆ ಆದ್ಮೇಲೂ ರೆಕಾರ್ಡ್ ನಿಲ್ಸಿರ್ಲಿಲ್ಲ ನೀನು. ಮೆಟ್ಲು ಇಳೀತಾ ಗುನುಗ್ತಾ ಹೋಗಿದ್ಯಲ್ಲ ಮಾರಾಯ್ತಿ. ಭಾಷಣ ಬಿಟ್ಟು ಅದನ್ನೊಂದೇ ಕೇಳ್ತೀನಿ ನಾನು, ಅಂಚು ಹೊಲಿವಾಗ. ಪೂರ್ತಿ ಯಾವಾಗ ಹಾಡ್ತಾಳೋ ಅಂತ ಕಾಯ್ತಿದ್ದೆ. ಚೆನ್ನಾಗಿದೆ."

ನನ್ನ ಕಣ್ಣು ತುಂಬಿತು, ಜೊತೆಗೇ ಸಿಟ್ಟೂ ಬಂತು. "ಕಾಯ್ತಿದ್ಯಾ? ನಂಗೆ ಹಾಡ್ಬೇಡ ಅಂದಿದ್ದೇ ನೀನು! ನಮ್ಮ ಕೋಳಿ ಮೊಟ್ಟೆ ಇಡೋದು ಬಿಡ್ತಾವೆ ಅಂದಿರ್ಲಿಲ್ವಾ ಹಿತ್ಲಲ್ಲಿ?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೋಳಿ? ನಮ್ಮನೇಲಿ ಕೋಳಿ ಯಾವಾಗಿತ್ತೇ? ಗಿಡ ಕೆದರ್ತಾವೆ ಅಂತ ಅಮ್ಮಂಗೆ ಕೋಳಿ ಕಂಡ್ರೇ ಆಗ್ತಿರ್ಲಿಲ್ಲ."

ಬಾಯಿ ತೆರೆದೆ. ಹಿತ್ತಲು ಕಣ್ಣಮುಂದೆ ಬಂತು. ಬಾಳೆ ಇತ್ತು, ಬಟ್ಟೆ ಒಗೆಯುವ ಕಲ್ಲಿತ್ತು, ಅಮ್ಮನ ಡೇರೆ ಹೂವಿನ ಗಿಡಗಳಿದ್ದವು. ಎಷ್ಟು ಹುಡುಕಿದರೂ ಒಂದು ಕೋಳಿಯೂ ಸಿಗಲಿಲ್ಲ. ಮೂವತ್ತೈದು ವರ್ಷ, ಇಲ್ಲದ ಕೋಳಿಗಳಿಗೆ ತೊಂದರೆಯಾದೀತೆಂದು ನಾನು ಹಾಡದೆ ಇದ್ದೆ. ನಗು ಹೇಗೆ ಬಂತೆಂದರೆ ಅಕ್ಕನ ಭುಜ ಹಿಡಿದುಕೊಳ್ಳಬೇಕಾಯಿತು. ಅವಳೂ ನಕ್ಕಳು. ಯಾಕೆಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಕಂಡಕ್ಟರ್ ಪೆನ್‌ಡ್ರೈವ್ ಹಿಡಿದು ಓಡಿಬಂದ. "ಸಾರಿ ಮೇಡಂ, ಬಸ್ಸಿಗೆ ಅಂದ್ಕೊಂಡೆ. ಆ ಹುಡುಗೀದು ಬೇರೆ ಹಾಡು ಇದ್ರೆ ಕೊಡಿ."

ಅಕ್ಕ ಅಳತೆ ಟೇಪಿನ ತುದಿಯಿಂದ ನನ್ನನ್ನು ತೋರಿಸಿದಳು. "ಇವ್ಳೇ ಕಣಪ್ಪ ಆ ಹುಡುಗಿ. ಇಲ್ಲೇ ಕೇಳು."

ಕಾಲೇಜು ಹುಡುಗಿಯರು ತಿರುಗಿ ನೋಡಿದರು. ಅಜ್ಜ ಕೊಡೆ ಊರಿ ನಿಂತ. ಡ್ರೈವರ್ ಎಂಜಿನ್ ಆರಿಸಿದ. ಹೊಟ್ಟೆನೋವು ಎನ್ನಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

ಹಾಡಿದೆ.