ಇಬ್ಬನಿ ಆರುವ ತನಕ

ನಿಪ್ಪಾಣಿಯ ಬೀದಿಯಲ್ಲಿ ಇಂದು ತಂಬಾಕಿನ ಘಾಟು ಬಡಿದೊಡನೆ ಅವ್ವ ನೆನಪಾದಳು. ನಸುಕಿನಲ್ಲೇ ಹಸಿ ತಂಬಾಕು ಕೊಯ್ಯಲು ಕೂಲಿಗೆ ಹೋಗಿ, ಮಧ್ಯಾಹ್ನ ವಾಂತಿ ಮಾಡುತ್ತ ಮರಳುತ್ತಿದ್ದಳು. "ಯಾರದೋ ದೃಷ್ಟಿ ಆಗೈತಿ" ಎಂದು ನಮ್ಮಜ್ಜಿ ಆಯಿ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಿದ್ದಳು.

ಶಾಲೆಯಲ್ಲಿ ವಿಸರಣೆಯ ಪಾಠ ನಡೆದಾಗ ನಾನು ಅವ್ವನ ವಾಂತಿಯ ಸಂಗತಿ ಹೇಳಿ, ಅದೂ ಹೀಗೇ ಆಗುತ್ತದೆಯೇ ಎಂದು ಕೇಳಿದೆ. ವಿಜ್ಞಾನದ ಅಕ್ಕೋರು ಪಾಠ ನಿಲ್ಲಿಸಿದರು.

"ಎಲಿ ಮ್ಯಾಲಿನ ಇಬ್ಬನ್ಯಾಗ ತಂಬಾಕದ ವಿಷ ಕರಗಿರತೈತಿ. ಅದು ಹೆಚ್ಚಿದ್ದಲ್ಲಿಂದ ಕಡಿಮಿ ಇದ್ದಲ್ಲಿಗೆ, ಚರ್ಮದ ಜೀವಕೋಶಗಳ ಪೊರಿ ದಾಟಿ ಮೈಯಾಗ ಸೇರತೈತಿ. ಇಬ್ಬನಿ ಆರಿದ ಮ್ಯಾಲ ಕೊಯ್ಯಾಕ ನಿಮ್ಮವ್ವಗ ಹೇಳು."

ಮರುದಿನ ಅವ್ವ ಹೊಲದ ಧಣಿಗೆ, "ಬಿಸಲ ಬಿದ್ದ ಮ್ಯಾಲ ಇಳೀತೀನ್ರಿ" ಎಂದು ಹೇಳಿ ಬದುವಿನ ಮೇಲೆ ಕುಳಿತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕುಳಿತರು. ಧಣಿ ಗೊಣಗುತ್ತಲೇ ಒಪ್ಪಿದರು.

ಅಂದು ಅವ್ವ ನನ್ನ ಜೊತೆ ಕುಳಿತು ಹೊಟ್ಟೆತುಂಬ ರೊಟ್ಟಿ ಉಂಡಳು. ಈಗಲೂ ದುಡಿದು ಬಂದವರು ಹಸಿದು ಉಣ್ಣುವುದನ್ನು ಕಂಡರೆ ನನಗೊಂದು ಸಮಾಧಾನ.